ಹಂಚು ಮುಚ್ಚಿಟ್ಟು ಹೋದ ಕಳ್ಳ

"ಏನಯ್ಯಾ, ಮೇಲೆ ಹೋಗಿ ನಿದ್ದೆ ಹೊಡೀತಿದ್ದೀಯಾ?"

ಕೆಳಗಿನಿಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಾಜಶೇಖರನ ದನಿ ಬಂತು. ಲೋಹಿತ್ ಸ್ಟೋರಿನ ಹಂಚಿನ ಮಾಡಿನ ಮೇಲೆ ತುದಿಗಾಲಲ್ಲಿ ಕುಕ್ಕರಿಸಿ, ಮೂಗು ಹಂಚಿಗೆ ತಾಗುವಷ್ಟು ಬಗ್ಗಿ, ಒಂದೊಂದೇ ಸಾಲನ್ನು ಬೆರಳಿನಿಂದ ಸವರುತ್ತಿದ್ದ.

"ನಿಂಗೇನು ಮಾಡು ಹತ್ತೋದು ಹೊಸದಾ? ಕಾಲು ಜಾರ್ತದೆ ಅನ್ನೋ ಭಯಾನೂ ಇರಕ್ಕಿಲ್ಲ!"

ಲೋಹಿತನ ಕಿವಿ ಕೆಂಪಾಯಿತು. ಕೈಯಡಿಯ ಹಂಚೊಂದನ್ನು ಕಿತ್ತು ಆ ಬೋಳುತಲೆಗೆ ಗುರಿಯಿಟ್ಟು ಬಿಟ್ಟರೆ ಹೇಗೆ ಎಂಬ ಯೋಚನೆ ಬಂತು, ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಹಂಚು ಎಸ್ಟೇಟಿನ ಒಡತಿ ದೇವೀರಮ್ಮನವರದು. ಒಡೆದರೆ ಬೈಸಿಕೊಳ್ಳುವವನು ತಾನೇ.

ಬೆಳಿಗ್ಗೆ ಬೀಗ ತೆಗೆದಾಗ ಸ್ಟೋರಿನಲ್ಲಿದ್ದ ಕರಿಮೆಣಸಿನ ಮೂಟೆಗಳು ಒಂದೂ ಇರಲಿಲ್ಲ. ಕೂಲಿಯಾಳುಗಳ ಲೈನಿನ ತನ್ನ ಮನೆಯಲ್ಲಿ ಬೋರಯ್ಯನೂ ಇರಲಿಲ್ಲ.

ಇಷ್ಟು ಸಾಕಾಗಿತ್ತು ರಾಜಶೇಖರನಿಗೆ. ಬೋರಯ್ಯ ಹಳೇ ಕಳ್ಳ. ಸಕಲೇಶಪುರದಿಂದ ಆಲೂರಿನವರೆಗೆ ಕಣದಲ್ಲಿ ಒಣಗುವ ಕಾಫಿ, ಸ್ಟೋರಿನಲ್ಲಿ ತುಂಬಿಟ್ಟ ಮೆಣಸು ಕದ್ದು ಬೆಳಗಾಗುವಷ್ಟರಲ್ಲಿ ಘಾಟಿ ಇಳಿಸುತ್ತಿದ್ದ ಜವರಯ್ಯನ ತಂಡದಲ್ಲಿ ಮೂಟೆ ಹೊರುತ್ತಿದ್ದವನು. ಅದೇ ತಂಡದಲ್ಲಿ ಮಾಡು ಹತ್ತಿ ಹಂಚು ಬಿಚ್ಚುತ್ತಿದ್ದವನು ಲೋಹಿತ್. ಈಗ ಇಬ್ಬರೂ ಯಸಳೂರಿನ ಈ ಎಸ್ಟೇಟಿನಲ್ಲಿ ದುಡಿದು ತಿನ್ನುತ್ತಿದ್ದರು. ಸುತ್ತಮುತ್ತ ಎಲ್ಲಿ ಮೆಣಸು ಕಳುವಾದರೂ ಪೊಲೀಸರು ಲೋಹಿತನನ್ನು ಕರೆಸುತ್ತಿದ್ದರು. ಮೊದಮೊದಲು ಲಾಠಿ ತೋರಿಸಲು, ಈಚೀಚೆಗೆ ಸಲಹೆ ಕೇಳಲು.

"ಲೋಹಿತ್, ಏನಾದ್ರೂ ಕಾಣಿಸ್ತಾ?" ಕೆಳಗಿನಿಂದ ಕೇಳಿದವಳು ಪಿಎಸ್‌ಐ ಗಗನಾ. ಮೂವತ್ತು ದಾಟದ ಹುಡುಗಿ. ಬೂಟಿಗೆ ಮೆತ್ತಿದ ಕೆಸರನ್ನು ಮೆಟ್ಟಿಲ ಅಂಚಿಗೆ ಉಜ್ಜುತ್ತ ನಿಂತಿದ್ದಳು.

"ಕಾಣ್ತಾ ಐತೆ ಮೇಡಂ. ಆದ್ರೆ ತಲೆಗೆ ಹತ್ತುತಾ ಇಲ್ಲ."

"ಹೇಳಿ ನೋಡೋಣ."

"ಹಳೇ ಹಂಚು ಪಾಚಿ ಕಟ್ಟಿ ಕಪ್ಪಾಗಿರ್ತದೆ. ಇನ್ನೊಂದು ಹಂಚಿನ ಅಡಿ ಸೇರ್ಕೊಂಡಿರೋ ತುದಿ ಮಾತ್ರ ಕೆಂಪು. ಇಲ್ಲೊಂದಷ್ಟು ಹಂಚಿನ ಕೆಂಪು ಹೊರಗೆ ಇಣುಕ್ತಾ ಐತೆ. ಅಂದ್ರೆ ಇಲ್ಲೇ ಬಿಚ್ಚವ್ನೆ."

"ಕಳ್ಳ ಅಂದ್ಮೇಲೆ ಬಿಚ್ಚೇ ಬಿಚ್ತಾನೆ."

"ಬಿಚ್ತಾನೆ. ಮುಚ್ಚಲ್ಲ!" ಲೋಹಿತ್ ಹಂಚಿಗೊಂದು ಗುದ್ದು ಗುದ್ದಿದ. "ಜವರಯ್ಯನ ಜೊತೆ ನಾನು ಹತ್ತಿದ ಮಾಡಿಗೆ ಲೆಕ್ಕ ಇಲ್ಲ ಮೇಡಂ. ಒಂದು ಹಂಚನ್ನೂ ವಾಪಸ್ ಇಟ್ಟೋನಲ್ಲ. ಓಡೋನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರ್ಬೇಕು? ಇವ್ನು ನೋಡಿದ್ರೆ ಒಂದೊಂದನ್ನೂ ಕೂರಿಸಿ, ಗಟ್ಟಿ ಮಾಡಿ ಹೋಗವ್ನೆ. ಕದಿಯೋಕೆ ಬಂದು ಮನೆ ರಿಪೇರಿ ಮಾಡ್ಕೊಟ್ಟು ಹೋದಂಗೈತೆ."

"ಕೇಳಿಸ್ಕೊಳ್ಳಿ ಮೇಡಂ, ಅನುಭವಸ್ಥರ ಮಾತು," ಎಂದ ರಾಜಶೇಖರ.

ಲೋಹಿತ್ ಏಣಿಯ ಅರ್ಧದಿಂದಲೇ ಹಾರಿ ಕೆಳಗಿಳಿದ. ಇಳಿದ ರಭಸಕ್ಕೆ ರೈಟರ್ ಎರಡು ಹೆಜ್ಜೆ ಹಿಂದೆ ಸರಿದ.

"ಹೌದು ರೈಟ್ರೇ, ಅನುಭವ ಐತೆ. ಅದಕ್ಕೇ ಹೇಳ್ತಾ ಇದ್ದೀನಿ. ನಿನ್ನೆ ಸಾಯಂಕಾಲದಿಂದ ಬೆಳಗಿನ ಜಾವದ ತನಕ ಕಾಫಿ ಹೂಮಳೆ ಬಿಟ್ಟು ಬಿಟ್ಟು ಹೊಡೀತು. ಸ್ಟೋರಿನೊಳಗೆ ಗೊಬ್ಬರದ ಮೂಟೆ ಅವೆ. ಒಂದು ಹನಿ ಬಿದ್ದೈತಾ? ಮುಟ್ಟಿ ನೋಡಿ ಬನ್ನಿ. ಮೆಣಸು ಕದ್ದೋನಿಗೆ ಅಮ್ಮಾರ ಗೊಬ್ಬರ ನೆನೆದ್ರೆ ಏನು ನೋವು?"

ರಾಜಶೇಖರ ದನಿ ಏರಿಸಿದ. "ಮತ್ತೆ ಬೋರಯ್ಯ ಎಲ್ಲಿ? ಸಾಚಾ ಆಗಿದ್ರೆ ಯಾಕೆ ಓಡಿಹೋಗ್ಬೇಕು? ಹೇಳು!"

ಲೋಹಿತ್ ಏಣಿಯನ್ನು ಮಾಡಿನಿಂದ ಇಳಿಸಿ ನೆಲಕ್ಕೆ ಮಲಗಿಸಿದ.

ಸ್ಟೋರಿನ ಮೆಟ್ಟಿಲ ಮೇಲೆ ದೇವೀರಮ್ಮ ಕೂತಿದ್ದರು. ಸೀರೆಯ ಮೇಲೆ ತೀರಿಹೋದ ಯಜಮಾನರ ಉದ್ದ ತೋಳಿನ ಸ್ವೆಟರು, ಕಾಲಿಗೆ ಗಂಬೂಟು, ಹಣೆಯಲ್ಲಿ ವಿಭೂತಿ. ಬೆಳಗಿನಿಂದ ಅವರು ಒಂದು ಮಾತೂ ಆಡಿರಲಿಲ್ಲ. ಬೈಯುವ ದೇವೀರಮ್ಮ ಎಲ್ಲರಿಗೂ ಗೊತ್ತು. ಸುಮ್ಮನೆ ಕೂತ ದೇವೀರಮ್ಮನನ್ನು ಲೋಹಿತ್ ಕಂಡದ್ದು ಇದೇ ಮೊದಲು.

ಗಗನಾ ಅವರ ಪಕ್ಕದಲ್ಲಿ ಕೂತಳು. "ಅಮ್ಮಾ, ನೇರವಾಗಿ ಹೇಳಿಬಿಡ್ತೀನಿ. ಬೋರಯ್ಯ ಹೊರಗಿರೋದು ನಿಮ್ಮ ಜಾಮೀನಿನ ಮೇಲೆ. ನೀವು ಇವತ್ತು ಕಂಪ್ಲೇಂಟಿಗೆ ಸಹಿ ಹಾಕಿದ್ರೆ ಹೊಸ ಕೇಸಾಗುತ್ತೆ. ಹೊಸ ಕೇಸಾದ್ರೆ ಅವನು ಮತ್ತೆ ಹಾಸನದ ಜೈಲಿಗೆ. ಈ ಸಲ ಹೋದ್ರೆ ಬೇಗ ಬರಲ್ಲ."

"ಅವನ ಬಾಯಿಂದ ಒಂದು ಮಾತು ಕೇಳದೆ ಸಹಿ ಹಾಕೋದಾ?"

"ಮಧ್ಯಾಹ್ನದ ಊಟದ ಹೊತ್ತಿನ ತನಕ ಕಾಯ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ."

ದೇವೀರಮ್ಮ ಲೋಹಿತನ ಕಡೆ ತಿರುಗಿದರು. "ಹುಡುಕಿ ಕರ್ಕೊಂಡು ಬಾ. ಹೊಡೀಬ್ಯಾಡ."

"ನಾನ್ಯಾಕೆ ಹೊಡೀಲಿ ಅಮ್ಮಾರೆ?"

"ನಿನ್ನ ಮುಷ್ಟಿ ನೋಡ್ಕೋ."

ಲೋಹಿತ್ ನೋಡಿಕೊಂಡ. ಬಿಗಿಹಿಡಿದಿದ್ದ ಕೈಯನ್ನು ಬಿಡಿಸಿ ಪ್ಯಾಂಟಿಗೆ ಒರೆಸಿಕೊಂಡ.

ವರ್ಷಗಳ ಹಿಂದೆ, ಕದಿಯಲು ಬಂದಾಗ, ಇದೇ ಮಾಡಿನಿಂದ ಅವನು ಬಿದ್ದಿದ್ದ. ಕಾಲು ಮುರಿದು ಬಿದ್ದವನನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಜನ ಒಬ್ಬರಾದ ಮೇಲೊಬ್ಬರು ಕೈ ಮಾಡುತ್ತಿದ್ದಾಗ ಈ ಹೆಂಗಸು ನಡುವೆ ನುಗ್ಗಿ, "ಮೊದಲು ಕಾಲು ನೋಡ್ರೋ!" ಎಂದು ಕಿರುಚಿದ್ದರು. ತಮ್ಮದೇ ಜೀಪಿನಲ್ಲಿ ಆಸ್ಪತ್ರೆಗೆ ಹಾಕಿ, ಪಟ್ಟಿ ಕಟ್ಟಿಸಿ, ಆಮೇಲೆ ತಾವೇ ಪೊಲೀಸರಿಗೆ ಒಪ್ಪಿಸಿದ್ದರು. ಶಿಕ್ಷೆ ಮುಗಿಸಿ ಹೊರಬಂದ ದಿನ, ತನಗಾಗಿ ಒಂದು ನಾಯಿಯೂ ಕಾದಿರುವುದಿಲ್ಲ ಎಂದುಕೊಂಡವನಿಗೆ ಜೈಲಿನೆದುರು ಅದೇ ಜೀಪು ಕಂಡಿತ್ತು.

"ಮೆಣಸು ಕೊಯ್ಯೋಕೆ ಜನ ಸಿಗ್ತಿಲ್ಲ ಕಣೋ," ಎಂದಿದ್ದರು. "ಹೆಂಗೂ ಹತ್ತೋದು ಕಲ್ತಿದ್ದೀಯಲ್ಲ, ಬಾ."

ವರ್ಷದ ನಂತರ ಬೋರಯ್ಯನನ್ನು ಕರೆತರಲು ಹೋದಾಗ ಜೀಪು ಓಡಿಸಿದವನು ಲೋಹಿತನೇ. ಅದಕ್ಕೇ ಈ ಸಿಟ್ಟು. ಬೋರಯ್ಯ ಕದ್ದಿದ್ದರೆ ಅದು ಬರೀ ಮೆಣಸಿನ ಕಳುವಲ್ಲ. ಇನ್ನು ಮುಂದೆ ಯಾವ ಜೈಲಿನೆದುರೂ ಯಾವ ಜೀಪೂ ನಿಲ್ಲುವುದಿಲ್ಲ.

ಗಗನಾ ಮತ್ತು ಲೋಹಿತ್ ಸ್ಟೋರಿನ ಹಿಂಭಾಗಕ್ಕೆ ಬಂದರು. ಹಿಂಬಾಗಿಲಿಗೆ ಒಳಗಿನಿಂದ ಮರದ ಅಗುಳಿ ಹಾಕಿತ್ತು, ಬೆಳಿಗ್ಗೆ ಕಂಡಾಗಲೂ ಹಾಗೇ ಇತ್ತು.

"ಮಾಡಿನಿಂದ ಇಳಿದೋನು ಅಗುಳಿ ತೆಗೆದು ಮೂಟೆ ಸಾಗಿಸವ್ನೆ. ಆಮೇಲೆ ಒಳಗೆ ಹೋಗಿ ಅಗುಳಿ ಹಾಕಿ, ಮಾಡಿನಿಂದ್ಲೇ ಹೊರಗೆ ಬಂದವ್ನೆ," ಎಂದ ಲೋಹಿತ್. "ಬಾಗಿಲನ್ನೂ ಭದ್ರ ಮಾಡೋ ಕಳ್ಳ!"

"ಇದು ಯಾರದ್ದು?" ಗಗನಾ ಬಾಗಿಲಿನೆದುರು, ಕಣಕ್ಕೆ ಹೋಗುವ ಸಿಮೆಂಟು ದಾರಿಯ ಅಂಚಿನ ಮಣ್ಣು ತೋರಿಸಿದಳು.

ಎರಡು ಹೆಜ್ಜೆ ಗುರುತು. ಜೊತೆಜೊತೆಯಾಗಿ, ಬಾಗಿಲಿಗೆ ಮುಖಮಾಡಿ, ಹಿಮ್ಮಡಿ ಆಳಕ್ಕೆ ಹೂತು, ಒಳಗೆ ಮಳೆನೀರು ನಿಂತಿತ್ತು. ತೋಟದ ಕಡೆಯಿಂದ ಬಂದ ಹೆಜ್ಜೆಗಳ ಸಾಲು ಅಲ್ಲಿ ನಿಂತು, ಹಾಗೇ ತೋಟದ ಕಡೆಗೆ ಮರಳಿತ್ತು. ಒಬ್ಬನೇ ಮನುಷ್ಯ.

"ಮೂಟೆ ಹೊತ್ತ ಹೆಜ್ಜೆ ಅಲ್ಲ," ಎಂದಳು ಗಗನಾ. "ಬರೋವಾಗಿನ ಗುರುತು, ಹೋಗೋವಾಗಿನ ಗುರುತು ಒಂದೇ ಆಳ. ಇಲ್ಲಿ ನಿಂತ ಕಡೆ ಮಾತ್ರ ಹೂತಿದೆ. ಸುಮಾರು ಹೊತ್ತು ನಿಂತಿದ್ದಾನೆ."

"ಬೋರಣ್ಣಂದಲ್ಲ. ಅವ್ನ ಪಾದ ಬಾತುಕೋಳೀದು, ಅಗಲ. ಇದು ಉದ್ದ."

ಹಾಗಾದರೆ ರಾತ್ರಿ ಇಲ್ಲಿಗೆ ಇಬ್ಬರು ಬಂದಿದ್ದಾರೆ. ಒಬ್ಬ ಕದ್ದವನು. ಇನ್ನೊಬ್ಬ ಮಳೆಯಲ್ಲಿ ಸುಮ್ಮನೆ ನಿಂತು ಹೋದವನು.

ಗಗನಾ ಹೇಳಲೋ ಬೇಡವೋ ಎಂಬಂತೆ ಬಾಯಿಬಿಟ್ಟಳು. "ಲೋಹಿತ್, ಒಂದು ವಿಷಯ. ಜವರಯ್ಯ ಬಿಡುಗಡೆಯಾಗಿದ್ದಾನೆ. ಹೋದ ವಾರ."

ಲೋಹಿತನ ಮುಖದಲ್ಲಿ ರಕ್ತವೆಲ್ಲ ಇಳಿದು, ಮರುಕ್ಷಣ ದುಪ್ಪಟ್ಟಾಗಿ ಏರಿತು. ಹದಿನಾಲ್ಕನೇ ವಯಸ್ಸಿಗೆ ಇಸ್ಕೂಲು ಬಿಡಿಸಿ, ಬಿರಿಯಾನಿ ಕೊಡಿಸಿ, ಹೆಗಲ ಮೇಲೆ ಕೈಹಾಕಿ, ಮಾಡು ಹತ್ತಿಸಿದ್ದವನು ಆ ಜವರಯ್ಯ. ಮಾಡಿನಿಂದ ಬಿದ್ದ ದಿನ ಲೋಹಿತ್ "ಜವರಣ್ಣಾ!" ಎಂದು ಕೂಗುತ್ತಿದ್ದರೂ ತಿರುಗಿ ನೋಡದೆ ಪಿಕಪ್ ಹತ್ತಿ ಹೋಗಿದ್ದವನೂ ಅವನೇ.

"ಅಂಗಾದ್ರೆ ಮುಗೀತು," ಎಂದ. "ಅವ್ನು ಕರೆದವ್ನೆ, ಇವ್ನು ಹೋಗ್ಬುಟ್ಟವ್ನೆ. ನಾನೊಬ್ಬ ಮುಠ್ಠಾಳ, ಹಂಚು ನೋಡ್ಕೊಂಡು ಕೂತಿದ್ದೀನಿ."

"ಹೋಗಿದ್ರೆ ಮೂಟೆ ಹೇಗೆ ಹೋಯ್ತು? ಹೆಗಲ ಮೇಲೆ ಸಕಲೇಶಪುರದ ತನಕಾನಾ?" ಗಗನಾ ರಸ್ತೆಯ ಕಡೆ ಕೈ ಮಾಡಿದಳು. "ನಾನು ಬರುವಾಗಲೇ ನೋಡಿದೆ. ಗೇಟಿನಿಂದ ಇಲ್ಲಿಯವರೆಗೆ ರಸ್ತೆ ಬೆಣ್ಣೆ ಆಗಿದೆ. ನಮ್ಮ ಜೀಪಿನ ಗುರುತು ಬಿಟ್ರೆ ಇನ್ನೊಂದು ಟೈರಿನ ಗುರುತಿಲ್ಲ."

ಲೋಹಿತ್ ಅವಳ ಮುಖವನ್ನೇ ನೋಡಿದ. ಸಿಟ್ಟಿನಲ್ಲಿ ರಸ್ತೆಯ ಕಡೆ ಕಣ್ಣೇ ಹಾಯಿಸಿರಲಿಲ್ಲ ಅವನು.

"ಮೆಣಸು ಎಸ್ಟೇಟಿನಿಂದ ಹೊರಗೇ ಹೋಗಿಲ್ಲ!"

"ಅದನ್ನೇ ನಾನೂ ಹೇಳ್ತಿರೋದು. ನೀವು ಕಳ್ಳನ ತರ ಯೋಚನೆ ಮಾಡಿ. ಎಲ್ಲಿಡ್ತೀರಿ?"

"ಕಳ್ಳನ ತರ ಅಲ್ಲ ಮೇಡಂ." ಲೋಹಿತ್ ಕಣದ ನಾಲ್ಕೂ ದಿಕ್ಕಿಗೆ ನೋಡಿದ. "ಗೊಬ್ಬರ ನೆನೀದಂಗೆ ನೋಡ್ಕೊಂಡೋನ ತರ. ಮೆಣಸಿಗೆ ತೇವ ತಾಗಬಾರ್ದು. ಲೈನಿನಲ್ಲಿಟ್ರೆ ಮಕ್ಕಳು ಸೀನ್ತವೆ. ಕೊಟ್ಟಿಗೇಲಿಟ್ರೆ ತೇವ. ಹೊತ್ಕೊಂಡು ಹೋಗೋ ದಾರೀಲಿ ಗುರುತೂ ಬೀಳಬಾರ್ದು..."

ಅವನ ಕಣ್ಣು ಸಿಮೆಂಟಿನ ಕಣದ ಆಚೆ ಅಂಚಿನಲ್ಲಿ ನಿಂತಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ. ಜನವರಿಯಲ್ಲಿ ಕೆಲಸ ಮುಗಿದರೆ ಮುಂದಿನ ಹಣ್ಣಿನವರೆಗೆ ಅಲ್ಲಿ ಯಾರಿಗೂ ಏನೂ ಕೆಲಸವಿಲ್ಲ. ತೊಟ್ಟಿಗಳು ಒಣಗಿ ತಿಂಗಳಾಗಿತ್ತು. ಹುಳಿತ ಸಿಪ್ಪೆಯ ವಾಸನೆ ಮಾತ್ರ ಗೋಡೆಗೆ ಹತ್ತಿಕೊಂಡಿತ್ತು. ಮೆಣಸಿನ ಘಾಟು ಅದರಲ್ಲಿ ಮುಳುಗಿಹೋಗುತ್ತದೆ.

ಆ ಹೊತ್ತಿಗೆ ಗಗನಾಳ ಫೋನು ಬಡಿದುಕೊಂಡಿತು. ಮಾರನಹಳ್ಳಿಯ ಹತ್ತಿರ ಲಾರಿ ಮಗುಚಿ ಹೆದ್ದಾರಿ ಕಟ್ಟಿಹೋಗಿದೆಯಂತೆ. ಜೊತೆಗೆ ಬಂದಿದ್ದ ಪೇದೆಯನ್ನೂ ಜೀಪನ್ನೂ ಅತ್ತ ಕಳಿಸಿ, ತಾನು ಲೋಹಿತನ ಹಿಂದೆ ನಡೆದಳು.

ಪಲ್ಪರ್ ಮನೆಯ ಬಾಗಿಲು ಒರಗಿಸಿತ್ತು. ಗಗನಾ ಕಣ್ಸನ್ನೆಯಲ್ಲೇ ಹೊರಗೆ ನಿಂತಳು. ಲೋಹಿತ್ ಕಾಲಿನಿಂದ ಬಾಗಿಲು ತಳ್ಳಿದ.

ದೊಡ್ಡ ತೊಟ್ಟಿಯ ಮೇಲೆ ಹಲಗೆ ಜೋಡಿಸಿತ್ತು. ಹಲಗೆಯ ಮೇಲೆ ಬೋರಯ್ಯ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ನೆನೆದ ಪ್ಲಾಸ್ಟಿಕ್ ಹಾಳೆಯೊಂದು ಪಕ್ಕದಲ್ಲಿ ಮುದ್ದೆಯಾಗಿ ಬಿದ್ದಿತ್ತು. ಎತ್ತಿನಂಥ ಆಳು, ಒಂದೇ ರಾತ್ರಿಯಲ್ಲಿ ಕುಗ್ಗಿಹೋದವನಂತೆ ಕಾಣುತ್ತಿದ್ದ.

"ಬಂದ್ಯಾ ಲೋಹಿ? ನೀನೇ ಬರ್ತೀಯಾ ಅಂದ್ಕೊಂಡೆ."

"ಮೆಣಸೆಲ್ಲಿ?"

"ನನ್ನ ಕುಂಡಿ ಕೆಳಗೈತೆ."

ಲೋಹಿತ್ ಒಂದೇ ನೆಗೆತಕ್ಕೆ ಅವನ ಅಂಗಿಯ ಕಾಲರು ಹಿಡಿದ. ಅಮ್ಮ ಹೇಳಿದ್ದು ನೆನಪಾಯಿತು, ಹೊಡೆಯಲಿಲ್ಲ. ಅಲ್ಲಾಡಿಸಿದ. "ಏನ್ ಮಾಡ್ಬುಟ್ಟೆ ಮಾರಾಯ! ಅಮ್ಮ ನಿಂಗೆ ಜಾಮೀನು ನಿಂತವ್ರೆ. ಅವ್ರ ಮಾಡಿಗೇ ಹತ್ತಿದ್ಯಾ? ಅವ್ರ ಅನ್ನ ತಿಂದು ಅವ್ರ ಹಂಚೇ ಬಿಚ್ಚಿದ್ಯಾ?"

"ಕದ್ದಿಲ್ಲ ಲೋಹಿ. ಕಾದಿದ್ದೀನಿ."

"ಹಂಚು ಬಿಚ್ಚಿ ಕಾಯೋದಾ?"

"ನಂಗೆ ಬ್ಯಾರೆ ತರ ಕಾಯಕ್ಕೆ ಬರಲ್ಲವಲ್ಲೋ!"

ಬೋರಯ್ಯನ ದನಿ ಒಡೆಯಿತು. ಲೋಹಿತನ ಕೈ ಕಾಲರಿನಲ್ಲೇ ಸಡಿಲಾಯಿತು.

"ನೆಟ್ಟಗೆ ಹೇಳು."

"ಸಂತೇಲಿ ಜವರಣ್ಣ ಸಿಕ್ದ. ಹೆಗಲ ಮೇಲೆ ಕೈ ಹಾಕ್ದ. ಟೀ ಕೊಡಿಸ್ದ. 'ಸೋಮ್ವಾರ ರಾತ್ರಿ ಬತ್ತೀನಿ, ಸ್ಟೋರಿನ ಹಿಂದಲ ಬಾಗ್ಲು ಅಗುಳಿ ತೆಗ್ದಿಡು' ಅಂದ."

"ನೀನೇನಂದೆ?"

"ಟೀ ಕುಡ್ದೆ."

"ಆಗಕ್ಕಿಲ್ಲ ಅನ್ನೋಕೆ ಬಾಯಿಗೇನಾಗಿತ್ತು?"

"ಜವರಣ್ಣನ ಮುಂದೆ ಆಗಕ್ಕಿಲ್ಲ ಅಂದೋರು ಯಾರವ್ರೆ? ನೀನಂದಿದ್ಯಾ?"

ಲೋಹಿತ್ ಕಾಲರು ಬಿಟ್ಟ.

"ಅಮ್ಮಾರಿಗೆ ಹೇಳ್ಬೇಕಿತ್ತು."

"ಹೇಳಿದ್ರೆ? 'ಮೆಣಸು ಕಳುವಾಗ್ತದೆ' ಅಂತ ನನ್ನ ಬಾಯಲ್ಲಿ ಬಂದ್ರೆ ಜನ ಮೊದ್ಲು ನೋಡೋದು ನನ್ನ ಕೈನೇ. ರೈಟ್ರು ಅವತ್ತೇ ಗೇಟಿನಾಚೆ ಹಾಕ್ಸೋರು."

"ನಂಗಾದ್ರೂ ಹೇಳ್ಬೇಕಿತ್ತಲ್ಲ!"

"ನಿಂಗಾ?" ಬೋರಯ್ಯ ಮೊದಲ ಬಾರಿಗೆ ನಕ್ಕ. "ನೀನು ಕತ್ತಿ ಹಿಡ್ಕೊಂಡು ಓಡ್ತಿದ್ದೆ. ಅವ್ನು ಸಾಯೋನು, ಇಲ್ಲ ನೀನು ಸಾಯ್ತಿದ್ದೆ. ಇಬ್ರಲ್ಲಿ ಯಾರು ಸತ್ರೂ ಉಳ್ದೋನು ಜೈಲಿಗೆ. ಅಮ್ಮಾರು ಮತ್ತೆ ಜೀಪು ತಗೊಂಡು ಅಲ್ಲೋಗಿ ನಿಂತ್ಕಳೋದಾ? ಅವ್ರಿಗೂ ವಯಸ್ಸಾಯ್ತು ಕಣೋ."

ಲೋಹಿತ್ ಹಲಗೆಯ ಮೇಲೆ ಅವನ ಪಕ್ಕದಲ್ಲಿ ಕೂತ.

"ಅದಕ್ಕೇ ಅವ್ನಿಗಿಂತ ಮುಂಚೆ ನಾನೇ ಕದ್ಬುಟ್ಟೆ," ಎಂದ ಬೋರಯ್ಯ. "ಸ್ಟೋರಲ್ಲಿ ಮಾಲೇ ಇಲ್ಲ ಅಂದ್ರೆ ಏನ್ ತಗೊಂಡೋಗ್ತಾನೆ? ಕೆಳಗೆ ಹಲಗೆ ಹಾಸಿ, ಮೇಲೆ ಟಾರ್ಪಾಲು ಹೊದಿಸಿ ಮಡಗಿದ್ದೀನಿ. ಬೆಳಗಾಗೋಕೆ ಮುಂಚೆ ವಾಪಸ್ ಇಡಾನ ಅಂತಿದ್ದೆ. ಮಳೆ ಬಿಟ್ಟಾಗ ಹೊತ್ತಿದ್ದು, ಆಮೇಲೆ ಬಿಡ್ಲೇ ಇಲ್ಲ. ಅಷ್ಟರಲ್ಲಿ ರೈಟ್ರು ಬಾಗ್ಲು ತೆಗೆದು ಬಾಯಿ ಬಡ್ಕೊಂಡ್ರು. ಆಮೇಲೆ ಜೀಪು ಬಂತು. ಎದ್ದು ಬಂದ್ರೆ ನನ್ನ ಮಾತು ಯಾರು ನಂಬ್ತಾರೆ ಅಂತ ಇಲ್ಲೇ ಕೂತ್ಬುಟ್ಟೆ."

"ಅಗುಳಿ?"

"ಹಾಕ್ದೆ. ತೆಗ್ದಿಡು ಅಂದಿದ್ದ, ಹಾಕ್ಬುಟ್ಟೆ. ಬಾಯಲ್ಲಿ ಆಗಕ್ಕಿಲ್ಲ ಅನ್ನೋಕೆ ಆಗ್ಲಿಲ್ಲವಲ್ಲ, ಅದಕ್ಕೆ."

"ಅವ್ನು ಬಂದ್ನಾ?"

"ಬಂದ." ಬೋರಯ್ಯ ದನಿ ಇಳಿಸಿದ. "ಇಲ್ಲಿಂದ್ಲೇ ಕಿಟಕೀಲಿ ನೋಡ್ದೆ. ಗಾಡಿ ಇಲ್ಲ, ಜನ ಇಲ್ಲ, ಒಬ್ನೇ. ಬಾಗ್ಲು ಒಂದ್ಸಲ ತಳ್ದ. ತೆಗೀಲಿಲ್ಲ. ನಾನು ಒದೀತಾನೆ ಅಂದ್ಕೊಂಡೆ. ಒದೀಲಿಲ್ಲ ಲೋಹಿ. ಮಳೇಲಿ ನೆನ್ಕೊಂಡು ಬಾಗ್ಲು ನೋಡ್ತಾ ನಿಂತಿದ್ದ, ಭಾಳ ಹೊತ್ತು. ಆಮೇಲೆ ಹೊಂಟೋದ."

ಬಾಗಿಲ ಬಳಿ ನೆರಳು ಸರಿಯಿತು. ಗಗನಾ ಒಳಗೆ ಬಂದು, ಒಂದು ಹಲಗೆ ಸರಿಸಿ, ಟಾರ್ಪಾಲು ಎತ್ತಿ ಮೂಟೆಯೊಂದನ್ನು ಮುಟ್ಟಿ ನೋಡಿದಳು. ಬೋರಯ್ಯ ಎದ್ದು ನಿಂತು ಎರಡೂ ಕೈ ಜೋಡಿಸಿ ಮುಂದೆ ಚಾಚಿದ, ಬೇಡಿ ಹಾಕಲಿ ಎಂಬಂತೆ.

"ಕೈ ಇಳಿಸ್ರೀ," ಎಂದಳು ಗಗನಾ. "ಆ ಕೈಗೆ ಕೆಲಸ ಇದೆ. ಇಷ್ಟೂ ಮೂಟೆ ವಾಪಸ್ ಹೊರೋರು ಯಾರು, ನಾನಾ?"

ಲೋಹಿತನಿಗೆ ನಗು ಬಂತು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿಕಲ್ಲನ್ನು ಯಾರೋ ಎತ್ತಿ ಬಿಸಾಡಿದಂಥ ನಗು. ಬೋರಯ್ಯನ ಬೆನ್ನಿಗೆ ರಪ್ಪನೆ ಒಂದು ಬಾರಿಸಿದ. "ಕದಿಯೋದನ್ನ ಬಿಟ್ರೆ ಮೂರು ಕಾಸಿನ ಬುದ್ಧಿ ಇಲ್ಲವಲ್ಲೋ ಬೋರಣ್ಣ ನಿಂಗೆ!"

"ಹೊಡೀಬ್ಯಾಡ ಅಂದಿದ್ರು ಅಮ್ಮ," ಎಂದಳು ಗಗನಾ.

"ಇದು ಹೊಡೆತ ಅಲ್ಲ ಮೇಡಂ."

ಮೂಟೆ ಹೊತ್ತು ಕಣದ ನಡುವೆ ನಡೆದು ಬಂದ ಬೋರಯ್ಯನನ್ನು ಕಂಡು ರಾಜಶೇಖರ ಮೊದಲು ಕೂಗಿಕೊಂಡ, ಆಮೇಲೆ ಕತೆ ಕೇಳಿ ಬಾಯಿಗೆ ಕೈಯಿಟ್ಟುಕೊಂಡ. ಬೋರಯ್ಯ ದೇವೀರಮ್ಮನ ಎದುರು ತಲೆ ತಗ್ಗಿಸಿ ನಿಂತ. ಎಲ್ಲವನ್ನೂ ಲೋಹಿತನೇ ಹೇಳಿದ, ಏದುಸಿರು ಬಿಡುತ್ತ, ಮಾತಿನ ಮೇಲೆ ಮಾತು ಹೇರುತ್ತ.

ದೇವೀರಮ್ಮ ಪೂರ್ತಿ ಕೇಳಿಸಿಕೊಂಡರು.

"ಹಂಚು ಎಷ್ಟು ಒಡೆದ್ಯೋ?"

"ಒಂದೂ ಇಲ್ಲ ಅಮ್ಮಾರೆ."

"ನಿಜ ಹೇಳು."

"ಒಂದರದ್ದು... ಮೂಲೆ ಚೂರು."

ಗಗನಾ ಮುಖ ಆಚೆ ತಿರುಗಿಸಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು.

ದೇವೀರಮ್ಮ ಎದ್ದು ಬಂದು ಬೋರಯ್ಯನ ಒದ್ದೆ ತಲೆಯ ಮೇಲೆ ಕೈಯಿಟ್ಟರು. ಅಷ್ಟು ದೊಡ್ಡ ಆಳಿಗೆ ಕೈ ಎಟುಕಲು ಅವರು ಗಂಬೂಟಿನ ತುದಿಯಲ್ಲಿ ನಿಲ್ಲಬೇಕಾಯಿತು.

"ಇಷ್ಟು ಭಯ ಇಟ್ಕೊಂಡು ಒಬ್ನೇ ಇದ್ಯೇನೋ? ಮೆಣಸು ಹೋದ್ರೆ ಹೋಯ್ತು, ಬರೋ ವರ್ಷ ಬಳ್ಳಿ ಮತ್ತೆ ಬಿಡ್ತದೆ. ನೀನು ಹೋಗಿದ್ರೆ ನಾನು ಎಲ್ಲಿಂದ ತರ್ಲಿ? ಇನ್ನೊಂದ್ಸಲ ಭಯ ಆದ್ರೆ ಬಾಗಿಲು ಬಡಿ. ನಟ್ಟಿರುಳಾದ್ರೂ ಸರಿ. ಹಂಚು ಮುಟ್ಟಬ್ಯಾಡ."

ಬೋರಯ್ಯ ಅಲ್ಲೇ ಕುಸಿದು ಕೂತು, ಮೊಣಕಾಲಿಗೆ ಮುಖವಿಟ್ಟು ಗಟ್ಟಿಯಾಗಿ ಅತ್ತ. ಯಾರೂ ತಡೆಯಲಿಲ್ಲ. ಅಷ್ಟು ಹೊತ್ತೂ ಲೋಹಿತ್ ಸಿಲ್ವರ್ ಮರದ ತುದಿಯಲ್ಲಿ ಅದೇನೋ ಹಕ್ಕಿ ಹುಡುಕುವವನಂತೆ ಮೇಲೆ ನೋಡುತ್ತ ನಿಂತ. ಕೆಳಗೆ ನೋಡಿದರೆ ಕಣ್ಣೀರು ಇಳಿದುಬಿಡುತ್ತಿತ್ತು.

"ಕಂಪ್ಲೇಂಟು?" ಎಂದಳು ಗಗನಾ.

"ಯಾವ ಕಂಪ್ಲೇಂಟು? ನನ್ನ ಮಾಲು ನನ್ನ ತೊಟ್ಟೀಲೈತೆ. ಊಟ ಮಾಡ್ಕೊಂಡು ಹೋಗಮ್ಮ, ಜೀಪು ಹೆಂಗೂ ಇಲ್ಲ."

ಪಲ್ಪರ್ ಮನೆಯಿಂದ ಮೂಟೆಗಳು ಒಂದೊಂದಾಗಿ ಸ್ಟೋರಿಗೆ ಬಂದವು. ಕೊನೆಯದನ್ನು ರಾಜಶೇಖರನೇ ಎತ್ತಲು ಹೋಗಿ, ಅರ್ಧಕ್ಕೆ ಸೊಂಟ ಹಿಡಿದುಕೊಂಡ. ಬೋರಯ್ಯ ಒಂದು ಕೈ ಕೊಟ್ಟ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹೊತ್ತುಕೊಂಡು ನಡೆದರು.

"ಬೆಳಿಗ್ಗೆ ಸ್ವಲ್ಪ ಜೋರಾಗಿ ಕೂಗ್ಬುಟ್ಟೆ ಕಣಯ್ಯಾ," ಎಂದ ರೈಟರ್.

"ಅಯ್ಯೋ, ಬುಡಿ ಸಾರ್. ನಾನಾಗಿದ್ರೂ ಕೂಗ್ತಿದ್ದೆ."

ಬಿಸಿಲು ಏರಿತ್ತು. ಮಳೆ ಬಿದ್ದ ಕಾಫಿ ಗಿಡಗಳಲ್ಲಿ ಮೊಗ್ಗು ಬೆಳ್ಳಗೆ ಊದಿಕೊಂಡಿತ್ತು. ಅಡುಗೆಮನೆಯಿಂದ ಹುರುಳಿ ಸಾರಿನ ಒಗ್ಗರಣೆ ವಾಸನೆ ಬಂದದ್ದೇ ಲೋಹಿತನಿಗೆ ತಾನು ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಯಿತು. ಇಂಥ ಹಸಿವಾಗಿ ಎಷ್ಟು ಕಾಲವಾಗಿತ್ತೋ.

ಕಬ್ಬಿಣದ ಗೇಟು ಕಿರುಗುಟ್ಟಿತು.

ಎಲ್ಲರೂ ತಿರುಗಿ ನೋಡಿದರು. ಗೇಟಿನ ಆಚೆ, ಸರಳು ಹಿಡಿದು, ಒಳಗೆ ಕಾ‌ಲಿಡದೆ ಒಬ್ಬ ನಿಂತಿದ್ದ. ಉದ್ದ ಮನುಷ್ಯ, ನರೆತ ಗಡ್ಡ, ಬರಿಗಾಲು. ಚಪ್ಪಲಿ ಬಿಟ್ಟು ಪಕ್ಕಕ್ಕೆ ಇಟ್ಟಿದ್ದ.

ಊಟಕ್ಕೆ ಕೈ ತೊಳೆಯುತ್ತಿದ್ದ ಬೋರಯ್ಯ ಚೊಂಬು ಕೆಳಗಿಟ್ಟ.

"ಜವರಣ್ಣ."

ಗಗನಾಳ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಲೋಹಿತ್ ಯೋಚಿಸುವ ಮೊದಲೇ ಗೇಟಿನ ಅರ್ಧ ದಾರಿಯಲ್ಲಿದ್ದ. ಅವನ ಹಿಂದೆಯೇ ದೇವೀರಮ್ಮನ ಗಂಬೂಟು ಟಪಟಪ ಸದ್ದು ಮಾಡಿತು.

"ಯಾಕೆ ಬಂದೆ?" ಲೋಹಿತ್ ಸರಳಿನ ಈಚೆಯಿಂದ ಗುಡುಗಿದ. "ರಾತ್ರಿ ಸಿಗ್ಲಿಲ್ಲ ಅಂತ ಹಗಲೇ ಬಂದ್ಯಾ?"

"ರಾತ್ರಿ ಬಂದಿದ್ದೆ, ಹೌದು," ಎಂದ ಜವರಯ್ಯ. ಆ ದನಿ ಹಾಗೇ ಇತ್ತು, ನಿಧಾನ, ತಗ್ಗು. "ಸುಳ್ಳು ಹೇಳಕ್ಕಿಲ್ಲ. ಬಾಗ್ಲು ತೆಗ್ದಿದ್ರೆ ಒಳಗೆ ನೋಡ್ಕೊಂಡು ಹೋಗಿ ಹುಡುಗರನ್ನ ಕರ್ಕೊಂಡು ಬರ್ತಿದ್ದೆ. ತಳ್ದೆ. ತೆಗೀಲಿಲ್ಲ. ಬೋರ ಅಗುಳಿ ಹಾಕವ್ನೆ. ನಾನು ಹೇಳಿದ್ದಕ್ಕೆ ಇಲ್ಲ ಅನ್ನದ ಬೋರ!"

ಅವನು ದೇವೀರಮ್ಮನ ಕಡೆ ನೋಡಿದ. "ಅವ್ನಿಗೆ ಅಂಥ ಧೈರ್ಯ ಎಲ್ಲಿಂದ ಬಂತು ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ ತಾಯಿ. ನಂಗೂ ಒಂದು ಕೆಲ್ಸ ಐತಾ? ಚಾಕರಿ ಯಾವ್ದಾದ್ರೂ ಸರಿ."

"ನಾಟ್ಕ!" ಲೋಹಿತ್ ಸರಳಿಗೆ ಗುದ್ದಿದ. "ನಾನು ಮಾಡಿನಿಂದ ಬಿದ್ದು ಕೂಗ್ತಿದ್ದಾಗ ಕಿವಿ ಇರ್ಲಿಲ್ವಾ ನಿಂಗೆ?"

"ಇತ್ತು. ಕೇಳಿಸ್ತು." ಜವರಯ್ಯ ಕಣ್ಣು ತಗ್ಗಿಸಲಿಲ್ಲ. "ಇವತ್ತಿಗೂ ಕೇಳಿಸ್ತದೆ."

ದೇವೀರಮ್ಮ ಗೇಟಿನ ಚಿಲಕದ ಮೇಲೆ ಕೈಯಿಟ್ಟರು. ತೆಗೆಯಲಿಲ್ಲ. ಆ ಕೈಯನ್ನು ತೆಗೆದು ಲೋಹಿತನ ಕೈ ಹಿಡಿದು ಚಿಲಕದ ಮೇಲೆ ಇಟ್ಟರು.

"ಬಿದ್ದೋನು ನೀನು. ನಿನ್ನ ಪರವಾಗಿ ನಾನು ತೆಗೆಯೋಕೆ ಬರಲ್ಲ. ತೆಗೀತೀಯೋ ಬಿಡ್ತೀಯೋ, ನೀನೇ ಹೇಳು."

ಲೋಹಿತ್ ಬಾಯಿ ತೆರೆದ. ಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ವರ್ಷಗಟ್ಟಲೆಯಿಂದ ಸಿದ್ಧವಾಗಿತ್ತು.

ಅಷ್ಟರಲ್ಲಿ ತಿರುವಿನಾಚೆ ಗಾಡಿಯೊಂದು ಗೇರು ಬದಲಿಸಿದ ಸದ್ದು ಕೇಳಿತು. ಕೆಸರಿನಲ್ಲಿ ನಿಧಾನವಾಗಿ ಏರುತ್ತಿರುವ ಪಿಕಪ್. ಅದರಲ್ಲಿ ನಿಂತುಕೊಂಡ ಗಂಡಸರ ಗದ್ದಲ.

"ನಿನ್ನ ಹುಡುಗರು," ಎಂದ ಲೋಹಿತ್, ಹಲ್ಲು ಕಚ್ಚಿ. "ಕರ್ಕೊಂಡೇ ಬಂದಿದ್ದೀಯ!"

"ನಾನು ಕರೀಲಿಲ್ಲ." ಜವರಯ್ಯ ಹಿಂದೆ ತಿರುಗಿ ನೋಡಿದ. "ಇನ್ಮೇಲೆ ನನ್ನ ಬಿಟ್ಬುಡಿ ಅಂತ ಬೆಳಿಗ್ಗೆ ಹೇಳ್ಬಂದೆ. ಬಿಡಕ್ಕಿಲ್ಲ ಅಂದ್ರು. ತಪ್ಪಿಸ್ಕೊಂಡು ಓಡಿ ಬಂದೆ ಲೋಹಿ."

ಮತ್ತೆ ಈಚೆ ತಿರುಗಿದಾಗ ಆ ಮುಖದಲ್ಲಿ ಲೋಹಿತ್ ಹಿಂದೆಂದೂ ಕಾಣದ್ದೊಂದು ಕಂಡಿತು. ಸಿಲ್ವರ್ ಮರಕ್ಕೆ ಕಟ್ಟಿಹಾಕಿದ ದಿನ ತನ್ನ ಮುಖದಲ್ಲೂ ಅದೇ ಇದ್ದಿರಬೇಕು. ಜವರಯ್ಯ ಹೆದರಿದ್ದ.

ಅಥವಾ, ಹೆದರಿದವನಂತೆ ನಟಿಸುವುದನ್ನೂ ಜೈಲಿನಲ್ಲಿ ಕಲಿತು ಬಂದಿದ್ದ.

ಪಿಕಪ್ಪಿನ ಮೂತಿ ತಿರುವಿನಲ್ಲಿ ಕಾಣಿಸಿಕೊಂಡಿತು. ಗಗನಾ ಫೋನು ಕಿವಿಗಿಟ್ಟು ಮಾರನಹಳ್ಳಿಗೆ ಹೋದ ಜೀಪನ್ನು ಕೂಗಿ ಕರೆಯುತ್ತಿದ್ದಳು.

ಲೋಹಿತ್ ಚಿಲಕ ಎಳೆದ. ಜವರಯ್ಯನ ತೋಳು ಹಿಡಿದು ಒಳಗೆ ಸೆಳೆದುಕೊಂಡ.

"ಗೇಟು ಹಾಕು ಬೋರಣ್ಣ! ಬೀಗ ತಾ!"